ಆಟಿಯ ಸೊಪ್ಪು

ಧರ್ಮಸ್ಥಳಕ್ಕೆ ಬಂದವರು ಅಲ್ಲಿಯ ಅನ್ನಛತ್ರದ ಊಟವನ್ನು ನೆನೆಯುವುದುಂಟು. ನಾನು ಹೇಳಹೊರಟಿರುವುದು ಅದೇ ಸೀಮೆಯ ಬಡಮನೆಗಳ ಊಟದ ಮಾತು. ತುಳುವರ ಆಟಿ ತಿಂಗಳೆಂದರೆ ಜಡಿಮಳೆ. ಕೆಲಸವಿಲ್ಲ, ಅಕ್ಕಿಮುಡಿ ಬರಿದು. ಆಗ ಒಲೆಯೇರುತ್ತಿದ್ದುದು ಬೇಲಿಬದಿಯ ತಜಂಕು, ಕೆಸುವಿನೆಲೆ, ಮೇಲೊಂದಿಷ್ಟು ತೆಂಗಿನತುರಿ. ಅದನ್ನು ಬಡತನದ ಗುರುತೆಂದು ನಾಚಿದವರಿದ್ದರು. ಆದರೆ ಮುಸ್ಸಂಜೆಗೇ ಗೋಡೆ ತಡವುವ ಮಕ್ಕಳ ಇರುಳುಗುರುಡನ್ನು ತಡೆಯಬಲ್ಲ ಸತ್ವವಿದ್ದುದು ಆ ಹಸುರಿನಲ್ಲಿಯೇ.

1913ರಲ್ಲಿ ಅಮೆರಿಕದ ಮೆಕಾಲಮ್ ಮತ್ತು ಡೇವಿಸ್ ಬೆಣ್ಣೆ, ಮೊಟ್ಟೆಗಳ ಜಿಡ್ಡಿನಲ್ಲಿ ಕಂಡ ಪೋಷಕಾಂಶಕ್ಕೆ ಮುಂದೆ 'ಎ' ಜೀವಸತ್ವವೆಂದು ಹೆಸರಾಯಿತು. ಸೊಪ್ಪಿನ ಕೆರೊಟಿನ್ ದೇಹದಲ್ಲಿ ಅದಾಗಿ ಮಾರ್ಪಡುತ್ತದೆ. ಜಿಡ್ಡಿನ ನೆರವಿಲ್ಲದಿದ್ದರೆ ಮಾತ್ರ ಸರಿಯಾಗಿ ಮೈಗೆ ಹತ್ತದು. ಅಂದಮೇಲೆ ತೆಂಗಿನತುರಿ ಬರಿಯ ರುಚಿಗಲ್ಲ!

ಹಾಗಿದ್ದೂ 1970ರಲ್ಲಿ ಸರಕಾರ, ಎಳೆಯ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಯೂನಿಟ್ಟಿನಷ್ಟು 'ಎ' ಜೀವಸತ್ವವನ್ನು ಎಣ್ಣೆಯಲ್ಲಿ ಬೆರೆಸಿ ಕುಡಿಸುವ ಯೋಜನೆಯನ್ನು ತೊಡಗಬೇಕಾಯಿತು. ಕಾರಣ ನನಗೆ ಕಾಣುವುದಿಷ್ಟು: ಎಷ್ಟೋ ಮನೆಗಳಲ್ಲಿ ಸೊಪ್ಪು ದೊಡ್ಡವರ ಬಟ್ಟಲಿನದು, ಹಾಲು ಬಿಟ್ಟ ಕೂಸಿನ ಪಾಲಿಗೆ ಗಂಜಿಯ ತೆಳಿ. ಅಕ್ಕಿಯಲ್ಲಿ ಆ ಸತ್ವವಿಲ್ಲ. ಮೊದಲು ಇರುಳಿನ ನೋಟ ಹೋಗುತ್ತದೆ, ಆಮೇಲೆ ಕಣ್ಣು ಒಣಗುತ್ತದೆ. ಕರಿಗುಡ್ಡೆಯ ಮೇಲ್ಪೊರೆ ಕರಗಿ ಕುಸಿದರೆ ಯಾವ ಹನಿಯೂ ಬೆಳಕನ್ನು ಮರಳಿಸದು.