ಗಂಡಸಿನ ಗರ್ಭನಿರೋಧಕಕ್ಕೆ ಯಾಕಿಷ್ಟು ತಡ?

ಹೆಂಗಸರ ಗರ್ಭನಿರೋಧಕ ಗುಳಿಗೆಗೆ ಅಮೆರಿಕ ಅನುಮತಿ ಕೊಟ್ಟದ್ದು 1960ರಲ್ಲಿ. ಗಂಡಸರ ಪಾಲಿಗೆ ಇಂದಿಗೂ ಇರುವುದು ಕಾಂಡೋಮ್ ಮತ್ತು ವಾಸೆಕ್ಟಮಿ. ಗಂಡಸಿಗೆ ಹಾರ್ಮೋನಿನ ಮದ್ದು ಕಂಡುಹಿಡಿಯಲು ಆಗಲೇ ಇಲ್ಲ ಎಂದುಕೊಂಡವರು ಬಹಳ. ನಡೆದದ್ದೇ ಬೇರೆ.

ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನು ಕಳಿಸುವುದನ್ನು ಬಿಡುತ್ತದೆ. ವೃಷಣದೊಳಗೆ ಟೆಸ್ಟೋಸ್ಟೆರಾನ್ ಕುಸಿದು ವೀರ್ಯಾಣು ಹುಟ್ಟುವುದು ನಿಲ್ಲುತ್ತದೆ. ರಕ್ತದಲ್ಲಿ ಮಾತ್ರ ಅದು ಸಾಕಷ್ಟಿರುವುದರಿಂದ ಸ್ನಾಯುಬಲ, ಕಾಮಾಸಕ್ತಿ ಉಳಿಯುತ್ತವೆ. ವೀರ್ಯಾಣು ರೂಪುಗೊಳ್ಳಲು ಎಪ್ಪತ್ತು ದಿನದ ಮೇಲಾಗುವ ಕಾರಣ ಫಲ ಕಾಣಲು ಎರಡು ಮೂರು ತಿಂಗಳು ಬೇಕು.

ವಿಶ್ವ ಆರೋಗ್ಯ ಸಂಸ್ಥೆ 7 ದೇಶಗಳ 271 ಗಂಡಸರಿಗೆ ವಾರಕ್ಕೊಮ್ಮೆ 200 ಮಿ.ಗ್ರಾಂ. ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಕೊಟ್ಟು, 1990ರಲ್ಲಿ ಫಲಿತಾಂಶ ಪ್ರಕಟಿಸಿತು. ವೀರ್ಯಾಣು ಪೂರ್ತಿ ಇಲ್ಲವಾದ 157 ಮಂದಿ ಅದೊಂದನ್ನೇ ನಂಬಿ ಮುಂದುವರಿದರು; ಗರ್ಭ ನಿಂತದ್ದು ಒಂದೇ ಒಂದು. ಆದರೆ ವಾರವಾರವೂ ಸೂಜಿ ಯಾರಿಗೆ ಬೇಕು? ಚೀನಾದಲ್ಲಿ ಸಾವಿರಕ್ಕೂ ಹೆಚ್ಚು ಗಂಡಸರು ತಿಂಗಳಿಗೊಂದು ಸೂಜಿಯಿಂದಲೇ ಒಳ್ಳೆಯ ಫಲ ಕಂಡರು. ಯುರೋಪಿನ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಒಂದೇ ಅಷ್ಟು ಕೆಲಸ ಮಾಡದ್ದರಿಂದ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನು ಜೊತೆಗೂಡಿಸಲಾಯಿತು.

ಎಂಟು ವಾರಕ್ಕೊಮ್ಮೆ ಈ ಜೋಡಿಮದ್ದು ಪಡೆದ 320 ಗಂಡಸರ ಪ್ರಯೋಗವನ್ನು ಸುರಕ್ಷತಾ ಸಮಿತಿಯೊಂದು 2011ರಲ್ಲಿ ನಿಲ್ಲಿಸಿತು. ಮೊಡವೆ, ಸೂಜಿಯ ನೋವು, ಮನಸ್ಸಿನ ಏರುಪೇರು, ಖಿನ್ನತೆ ಕಂಡಿದ್ದವು. ಖಿನ್ನತೆಯನ್ನು ಹಗುರವಾಗಿ ಕಾಣಬಾರದು, ಸರಿ. ಆದರೂ ಭಾಗವಹಿಸಿದವರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಮಂದಿ ಇಂಥ ಮದ್ದು ಸಿಕ್ಕರೆ ಬಳಸುತ್ತೇವೆ ಎಂದಿದ್ದರು. 1956ರಲ್ಲಿ ಪೋರ್ಟೊರಿಕೋದಲ್ಲಿ ಗುಳಿಗೆಯ ಪರೀಕ್ಷೆ ನಡೆದಾಗ ನೂರಕ್ಕೆ 17 ಹೆಂಗಸರು ವಾಕರಿಕೆ, ತಲೆಸುತ್ತು, ತಲೆನೋವು ಎಂದು ದೂರಿದ್ದರು. ಆದರೂ ಗುಳಿಗೆ ಮಾರುಕಟ್ಟೆಗೆ ಬಂತು. ಹೆರಿಗೆಯ ಅಪಾಯ ಹೆಣ್ಣಿನದು, ಆದ್ದರಿಂದ ಅವಳು ಹೆಚ್ಚು ತಾಳಬಹುದು ಎಂಬುದು ವೈದ್ಯಲೋಕದ ಲೆಕ್ಕ. ಗಂಡ ಮದ್ದು ತೆಗೆದುಕೊಂಡರೆ ತಪ್ಪುವ ಅಪಾಯವೂ ಅವಳದೇ. ಅದನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಅನ್ಯಾಯ.

ಅಷ್ಟರಲ್ಲಿ ದೊಡ್ಡ ಔಷಧ ಕಂಪನಿಗಳೂ ಕೈಬಿಟ್ಟಿದ್ದವು. ಕೆಲಸ ಉಳಿದದ್ದು ಸರ್ಕಾರಿ ಹಣದಿಂದ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಮತ್ತು ಪಾಪ್ಯುಲೇಷನ್ ಕೌನ್ಸಿಲ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ 2018ರಲ್ಲಿ ಜೆಲ್ ಒಂದರ ಪ್ರಯೋಗ ಆರಂಭಿಸಿದವು. ನೆಸ್ಟೊರೋನ್ ಎಂಬ ಪ್ರೊಜೆಸ್ಟಿನ್, ಟೆಸ್ಟೋಸ್ಟೆರಾನ್ ಎರಡೂ ಬೆರೆತ ಜೆಲ್ಲನ್ನು ದಿನಕ್ಕೊಮ್ಮೆ ಭುಜಗಳಿಗೆ ಸವರಿ, ಒಣಗಿದ ಮೇಲೆ ಅಂಗಿ ತೊಟ್ಟರಾಯಿತು. 15 ವಾರದೊಳಗೆ 86 ಶೇಕಡಾ ಗಂಡಸರ ವೀರ್ಯಾಣು ಸಂಖ್ಯೆ ಗರ್ಭ ನಿಲ್ಲದ ಮಟ್ಟಕ್ಕಿಳಿದದ್ದು 2024ರಲ್ಲಿ ವರದಿಯಾಯಿತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಹೆಂಗಸರ ಸಂತಾನಹರಣ ಆಪರೇಷನ್ ನೆಚ್ಚಿದ ದಂಪತಿ ಸುಮಾರು 38 ಶೇಕಡಾ, ಗಂಡಸರದು 0.3. ಗಂಡಸರಿಗಾಗಿ ರೂಪಿಸಿದ, ಹಾರ್ಮೋನಿಲ್ಲದ ರಿಸಗ್ ಎಂಬ ಚುಚ್ಚುಮದ್ದಿನ ಪ್ರಯೋಗವನ್ನು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೊನೆಯ ಹಂತದವರೆಗೆ ನಡೆಸಿದೆ. ಜೆಲ್‌ನಂಥ ಹಾರ್ಮೋನು ಮದ್ದಿನ ಪರೀಕ್ಷೆಗೂ ಅದು ಮುಂದಾಗಬೇಕು. ಕಂಪನಿಗಳು ಬರಲೆಂದು ಕಾಯುವುದು ಸಾಕು.