ಎರಡಾಣೆಯ ಧರ್ಮ

ರಾಜ್ಯೋತ್ಸವದ ಶುಭಸಂದರ್ಭದಲ್ಲಿ ಅರಸರನ್ನೂ ಕವಿಗಳನ್ನೂ ನೆನೆಯುವುದು ನಮ್ಮಲ್ಲಿ ರೂಢಿ. ದೆಹಲಿಯ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿರುವ ನಾನು, ಲೆಕ್ಕದ ಪುಸ್ತಕ ಹಿಡಿದ ಕೆಲವು ಹಿರಿಯರನ್ನು ನೆನೆಯಲು ವಾಚಕರ ಅಪ್ಪಣೆ ಬೇಡುತ್ತೇನೆ. ಸಂಸ್ಥೆಯನ್ನು ನಡೆಸುವವನು ಲಾಭದೊಡನೆ ಸಮಾಜದ ಹಿತವನ್ನೂ ನೋಡಬೇಕೆಂಬ ಮಾತು ಇಂದಿನ ತರಬೇತಿಗಳಲ್ಲಿ ಹೊಸದೆಂಬಂತೆ ಕೇಳಿಬರುತ್ತದೆ. ನಮ್ಮ ಕರಾವಳಿಯವರಿಗೆ ಅದು ಹೊಸದಲ್ಲ.

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಮೂಲಧನದಿಂದ ಒಂದು ಬ್ಯಾಂಕನ್ನು ತೆರೆದರು. ಮೊದಲ ದಿನ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಇಂದಿನ ಕೆನರಾ ಬ್ಯಾಂಕಿಗೆ ಅಡಿಗಲ್ಲಿಟ್ಟರು. ಅದಕ್ಕೂ ಮೊದಲೇ ಹುಡುಗರಿಗೊಂದು, ಹುಡುಗಿಯರಿಗೊಂದು ಶಾಲೆ ಕಟ್ಟಿದ್ದ ಆ ಮಹನೀಯರು, ಬ್ಯಾಂಕು ಹಣದ ತಿಜೋರಿ ಮಾತ್ರವಲ್ಲ, ಸಮಾಜದ ಹೃದಯವೂ ಆಗಬೇಕೆಂದು ಬಯಸಿದರು.

1925ರಲ್ಲಿ ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗಾಲಾಗಿದ್ದಾಗ, ವೈದ್ಯರಾದ ಟಿ. ಎಂ. ಎ. ಪೈ, ವ್ಯಾಪಾರಿಗಳಾದ ಉಪೇಂದ್ರ ಪೈ, ಇಂಜಿನಿಯರರಾದ ವಾಮನ ಕುಡ್ವ ಈ ಮೂವರೂ ಸೇರಿ ಉಡುಪಿಯಲ್ಲಿ ಮತ್ತೊಂದು ಸಂಸ್ಥೆಯನ್ನು ಹೂಡಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ್ದು ಅದೇ. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬಡವನು ಬ್ಯಾಂಕಿಗೆ ಬರಲಾರನಾದರೆ ಬ್ಯಾಂಕೇ ಬಡವನ ಬಾಗಿಲಿಗೆ ಹೋಗಬೇಕು! ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ತಿಂಗಳಿಗೆ ಅದು ಮೂರು ರೂಪಾಯಿ ಹನ್ನೆರಡಾಣೆ. ಎರಡಾಣೆಯನ್ನು ಹಣವೆಂದು ಎಣಿಸಿದ್ದೇ ಆ ಹಿರಿಯರ ದೊಡ್ಡತನ.

ಆದರೆ ಚರಿತ್ರೆಯನ್ನು ಹೊಗಳಿಕೆಯಲ್ಲಿಯೇ ಮುಗಿಸುವುದು ನ್ಯಾಯವಲ್ಲ. ಆ ಎರಡಾಣೆಯನ್ನು ಬಿಸಿಲಲ್ಲಿ, ಮಳೆಯಲ್ಲಿ ಮನೆಮನೆ ತಿರುಗಿ ತಂದವರು ಯಾರು? ಪಿಗ್ಮಿ ಏಜೆಂಟರು. ಅವರಿಗೆ ದೊರೆಯುತ್ತಿದ್ದುದು ಕಮಿಷನ್. ನೌಕರರ ಸಾಲಿನಲ್ಲಿ ಅವರಿಗೆ ಎಡೆಯಿರಲಿಲ್ಲ. ಅವರ ವ್ಯಾಜ್ಯವು ವರ್ಷಗಳ ಕಾಲ ನಡೆದು, ಇದೇ ದೆಹಲಿಯ ಸುಪ್ರೀಂ ಕೋರ್ಟಿನವರೆಗೆ ಬಂದಿತು. 2001ರಲ್ಲಿ ನ್ಯಾಯಾಲಯವು ಅವರಿಗೆ ಖಾಯಂ ನೌಕರಿಯನ್ನು ಕೊಡಿಸದಿದ್ದರೂ, ಅವರೂ ಕಾರ್ಮಿಕರೇ ಎಂದು ಒಪ್ಪಿತು. ಗಿರಾಕಿಯ ಬಾಗಿಲನ್ನು ಮುಟ್ಟಿದ ಧರ್ಮವು, ಅದನ್ನು ಹೊತ್ತು ನಡೆದವನನ್ನು ಮುಟ್ಟಲು 73 ವರ್ಷ ಹಿಡಿಯಿತು.

ಇದನ್ನು ಬರೆಯುವಾಗ ನನಗೆ ನನ್ನದೇ ನಾಚಿಕೆಯೊಂದು ನೆನಪಾಗುತ್ತದೆ. ನಮ್ಮ ಶಾಖೆಯಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುತ್ತಿದ್ದಾತನಿಗೆ ಎರಡು ತಿಂಗಳು ಸಂಬಳ ಸಿಕ್ಕಿರಲಿಲ್ಲ. ದಿನವೂ ಲಕ್ಷಗಟ್ಟಲೆ ಎಣಿಸುವ ನನಗೆ ಅದು ತಿಳಿದದ್ದು ಆತನು ಬರುವುದನ್ನು ಬಿಟ್ಟ ಮೇಲೆ. ಆತನು ನಮ್ಮ ನೌಕರನಲ್ಲವೆಂಬ ಸಮಾಧಾನ ನನಗೂ ಸುಲಭವಾಗಿಯೇ ಒದಗಿತ್ತು.

2020ರ ಏಪ್ರಿಲ್ 1ರಂದು ಹಾಜಿ ಸಾಹೇಬರ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು. ಫಲಕಗಳು ಇಳಿದವು. ಹಿರಿಯರ ಧರ್ಮವು ಫಲಕದ ಮೇಲೆ ಇದ್ದುದಲ್ಲವಷ್ಟೆ. ಗಿರಾಕಿಯ ಎರಡಾಣೆಯನ್ನು ಎಣಿಸಿದಷ್ಟೇ ಶ್ರದ್ಧೆಯಿಂದ ಪಕ್ಕದಲ್ಲಿ ದುಡಿಯುವವನ ಕೂಲಿಯನ್ನೂ ವಿಚಾರಿಸುವವನೇ ಅವರ ನಿಜವಾದ ವಾರಸುದಾರ. ದೂರದ ಈ ದೆಹಲಿಯಲ್ಲಿ ನಾವು ಹಚ್ಚುವ ರಾಜ್ಯೋತ್ಸವದ ದೀಪದ ಬೆಳಕು, ನಾಳೆ ನಾವು ಕೆಲಸ ಮಾಡುವ ಕಛೇರಿಯ ಮೂಲೆಗಳಿಗೂ ಮುಟ್ಟಲಿ.