ಹೆರ್ನ್‌ಹುಟ್‌ನ ಅಹೋರಾತ್ರ ಕಾವಲು

ಸ್ಯಾಕ್ಸನಿಯ ಪೂರ್ವದಂಚಿನಲ್ಲಿ, ಲೊಬೌ ಪಟ್ಟಣದಿಂದ ಝಿಟ್ಟೌ ಪಟ್ಟಣಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಹುಟ್‌ಬೆರ್ಗ್ ಎಂಬ ಸಣ್ಣ ಗುಡ್ಡದ ತಪ್ಪಲಿನ ಕಾಡಿನೊಳಗೆ, 1722ನೆಯ ಇಸವಿಯ ಜೂನ್ 17ರಂದು ಕ್ರಿಸ್ಟಿಯನ್ ಡೇವಿಡ್ ಎಂಬ ಬಡಗಿಯು ಮೊದಲ ಮರಕ್ಕೆ ಕೊಡಲಿಯೆತ್ತಿದಾಗ, ಕ್ರೈಸ್ತ ಚರಿತ್ರೆಯಲ್ಲಿ ಒಂದು ಅಧ್ಯಾಯವನ್ನು ತೆರೆಯಬೇಕೆಂಬ ಹವಣು ಅಲ್ಲಿ ಕೂಡಿದ್ದ ಬೆರಳೆಣಿಕೆಯ ಜನರಲ್ಲಿ ಯಾರಿಗೂ ಇದ್ದಿತೆಂದು ತೋರುವುದಿಲ್ಲ. ಚಳಿಗಾಲ ಬರುವ ಮುನ್ನ ತಲೆಯ ಮೇಲೊಂದು ಸೂರು ಬೇಕಾಗಿತ್ತು, ಅಷ್ಟೆ. ಅವರು ಮೊರೇವಿಯದಿಂದ ರಾತ್ರೋರಾತ್ರಿ ಗಡಿ ದಾಟಿ ಬಂದ ನಿರಾಶ್ರಿತರು. 1415ರಲ್ಲಿ ಕಾನ್‌ಸ್ಟಾನ್ಸ್ ನಗರದಲ್ಲಿ ಜೀವಂತವಾಗಿ ಸುಡಲ್ಪಟ್ಟ ಯಾನ್ ಹುಸ್‌ನ ಅನುಯಾಯಿಗಳ ಪರಂಪರೆಯಲ್ಲಿ 1457ರಲ್ಲಿ ಬೊಹೀಮಿಯದ ಕುನ್ವಾಲ್ಡ್ ಎಂಬಲ್ಲಿ ರೂಪುಗೊಂಡ ಸಹೋದರ ಸಭೆಯು, 1620ರ ಶ್ವೇತಪರ್ವತದ ಯುದ್ಧದಲ್ಲಿ ಪ್ರಾಟೆಸ್ಟಂಟ್ ಪಕ್ಷವು ಸೋತ ಬಳಿಕ ನಾಡಿನಿಂದ ನಾಡಿಗೆ ಚದುರಿಹೋಗಿ, ಉಳಿದವರು ನೂರು ವರ್ಷಗಳ ಕಾಲ ಸತ್ಯವೇದವನ್ನು ಅಡಗಿಸಿಟ್ಟು, ಕದವಿಕ್ಕಿ ಪ್ರಾರ್ಥಿಸಿ, ತಂದೆಯಿಂದ ಮಗನಿಗೆ ಪಿಸುಮಾತಿನಲ್ಲಿ ದಾಟಿಸುತ್ತ ಬಂದ ವಿಶ್ವಾಸವೇ ಅವರ ಗಂಟುಮೂಟೆಯಾಗಿತ್ತು. ಅವರಿಗೆ ನೆಲ ಕೊಟ್ಟವನು ಬೆರ್ಟೆಲ್ಸ್‌ಡಾರ್ಫ್ ಗ್ರಾಮದ ಒಡೆಯನಾದ ಕೌಂಟ್ ನಿಕೊಲಾಸ್ ಲುಡ್ವಿಗ್ ಫಾನ್ ಜಿನ್ಝೆಂಡಾರ್ಫ್. ಆಗ ಅವನ ವಯಸ್ಸು ಇಪ್ಪತ್ತೆರಡು.

ಈ ತರುಣ ಶ್ರೀಮಂತನ ಮನಸ್ಸು ಎಳವೆಯಲ್ಲಿಯೇ ನಮ್ಮ ದೇಶದ ಕಡೆಗೆ ಒಮ್ಮೆ ತಿರುಗಿದ್ದಿತೆಂಬುದನ್ನು ಇಲ್ಲಿ ಹೇಳಬೇಕು. ಹಾಲೆ ನಗರದಲ್ಲಿ ಭಕ್ತಿವಾದಿ ಗುರು ಫ್ರಾಂಕೆಯ ಶಾಲೆಯಲ್ಲಿ ಅವನು ಓದುತ್ತಿದ್ದಾಗ, 1706ರಿಂದ ತಮಿಳು ಸೀಮೆಯ ತರಂಗಂಬಾಡಿಯಲ್ಲಿ ನೆಲಸಿದ್ದ ಡೇನಿಷ್ ಮಿಷನ್ನಿನ ಬೋಧಕರ ವಾರ್ತೆಗಳು ಆ ಗುರುವಿನ ಊಟದ ಮೇಜಿನ ಬಳಿ ಓದಲ್ಪಡುತ್ತಿದ್ದವು; ಸಮುದ್ರದಾಚೆಗೆ ಸುವಾರ್ತೆಯನ್ನು ಒಯ್ಯಬೇಕೆಂಬ ಹಂಬಲದ ಬೀಜ ಅವನಲ್ಲಿ ಬಿದ್ದುದು ಆ ಮೇಜಿನ ಬಳಿಯೇ.

ಹೆರ್ನ್‌ಹುಟ್ ಎಂಬ ಹೆಸರು ಪಡೆದ ಆ ಊರು ಬೆಳೆಯಿತು, ಬೆಳೆದಂತೆ ಕಲಹವೂ ಬೆಳೆಯಿತು. ಮೊರೇವಿಯದವರ ಜೊತೆಗೆ ಲೂಥರನ ಪಂಥದವರು, ಕ್ಯಾಲ್ವಿನನ ಪಂಥದವರು, ಯಾವ ಪಂಥಕ್ಕೂ ಸೇರದ ಏಕಾಂಗಿಗಳು ಬಂದು ಸೇರಿ, ಹಿಂಸೆಯ ಕಾಲದಲ್ಲಿ ಪ್ರಾಣಕ್ಕೆ ಅಂಜದಿದ್ದವರೇ ಶಾಂತಿಯ ಕಾಲದಲ್ಲಿ ನೆರೆಯವನ ಪೂಜಾಕ್ರಮಕ್ಕೆ ಅಸಹನೆಗೊಂಡು, ತಮಗೆ ಆಶ್ರಯವಿತ್ತ ಕೌಂಟನನ್ನೇ ಕ್ರಿಸ್ತವಿರೋಧಿಯೆಂದು ಕರೆಯುವ ಮಟ್ಟಕ್ಕೆ ಹೋದರು. ಅವನು ರಾಜಾಸ್ಥಾನದ ಉದ್ಯೋಗದಿಂದ ಬಿಡುವು ಪಡೆದು ಮನೆಮನೆಗೆ ಹೋಗಿ ಮಾತನಾಡಿ, 1727ರ ಮೇ 12ರಂದು ಗ್ರಾಮಕ್ಕೆಲ್ಲ ಅನ್ವಯಿಸುವ ಒಂದು ಒಡಂಬಡಿಕೆಗೆ ಸಹಿ ಹಾಕಿಸಿದನು. ಅದೇ ವರ್ಷದ ಆಗಸ್ಟ್ 13ರಂದು ಬೆರ್ಟೆಲ್ಸ್‌ಡಾರ್ಫಿನ ದೇವಾಲಯದಲ್ಲಿ ನಡೆದ ಪ್ರಭುಭೋಜನದಲ್ಲಿ ವರ್ಷಗಳ ವೈಮನಸ್ಯವು ಕರಗಿಹೋಯಿತೆಂದು ಅಲ್ಲಿದ್ದವರೆಲ್ಲರೂ ಸಾಕ್ಷಿ ಹೇಳಿದ್ದಾರೆ. ಇಂತಹ ಭಾವೋತ್ಕರ್ಷದ ದಿನಗಳು ಅನೇಕ ಮತಗಳ ಚರಿತ್ರೆಯಲ್ಲಿ ಉಂಟು; ಅವುಗಳಲ್ಲಿ ಬಹುಪಾಲು ಮರುವರ್ಷಕ್ಕೆ ನೆನಪಾಗಿ, ಮರುತಲೆಮಾರಿಗೆ ದಂತಕಥೆಯಾಗಿ ಅಡಗಿಹೋಗುತ್ತವೆ. ಹೆರ್ನ್‌ಹುಟ್‌ನ ಜನರು ಆ ಉತ್ಕರ್ಷವನ್ನು ನಂಬಿ ಕುಳಿತುಕೊಳ್ಳಲಿಲ್ಲ. ಅದನ್ನು ಗಡಿಯಾರಕ್ಕೆ ಕಟ್ಟಿದರು. ಮುಂದೆ ಅವರು ತೋರಿದ ಧೈರ್ಯದ ಮೂಲವನ್ನು ನಾನು ಕಾಣುವುದು ಆ ಪ್ರಭುಭೋಜನದ ದಿನದಲ್ಲಲ್ಲ, ಎರಡು ವಾರಗಳ ತರುವಾಯ ಅವರು ಮಾಡಿಕೊಂಡ ಈ ಏರ್ಪಾಡಿನಲ್ಲಿ.

ಆಗಸ್ಟ್ 27ರಂದು ಇಪ್ಪತ್ತನಾಲ್ಕು ಪುರುಷರೂ ಇಪ್ಪತ್ತನಾಲ್ಕು ಸ್ತ್ರೀಯರೂ ಅಹೋರಾತ್ರದ ಇಪ್ಪತ್ತನಾಲ್ಕು ಗಂಟೆಗಳನ್ನು ಚೀಟಿಯೆತ್ತಿ ತಮ್ಮೊಳಗೆ ಹಂಚಿಕೊಂಡು, ತನ್ನ ಪಾಲಿಗೆ ಬಂದ ಗಂಟೆಯಲ್ಲಿ ಪ್ರತಿಯೊಬ್ಬನೂ ಪ್ರತಿಯೊಬ್ಬಳೂ ತಾನಿದ್ದಲ್ಲಿಯೇ ಏಕಾಂತದಲ್ಲಿ ಊರಿಗಾಗಿಯೂ ಲೋಕಕ್ಕಾಗಿಯೂ ವಿಜ್ಞಾಪಿಸತಕ್ಕದ್ದೆಂದು ಗೊತ್ತುಮಾಡಿದರು. ಯಜ್ಞವೇದಿಯ ಮೇಲಿನ ಬೆಂಕಿ ಎಂದೂ ಆರಬಾರದೆಂದು ಮೋಶೆಯ ಧರ್ಮಶಾಸ್ತ್ರದಲ್ಲಿ ಇರುವ ವಿಧಿಯೇ ಇದಕ್ಕೆ ಅವರ ಆಧಾರ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಗ್ಗೆ ಅದರಿಂದಲೇ ಬೆಂಕಿ ಹೊತ್ತಿಸುತ್ತಿದ್ದ ಮನೆಯೊಡತಿಯ ಎಚ್ಚರದಂತಹುದು ಈ ಎಚ್ಚರ. ಅದರಲ್ಲಿ ಆಡಂಬರವಿಲ್ಲ, ನೋಡುವವರಿಲ್ಲ, ತಪ್ಪಿದರೆ ಮಾತ್ರ ತಿಳಿಯುತ್ತದೆ. ನೇಯ್ಗೆಯವನು ಮಗ್ಗ ನಿಲ್ಲಿಸಿ, ದಾದಿ ಮಗುವನ್ನು ಮಲಗಿಸಿ, ನಡುರಾತ್ರಿ ಎರಡು ಗಂಟೆಯ ಪಾಲಿನವನು ಮಾಗಿಯ ಹಿಮದಲ್ಲಿ ಹಾಸಿಗೆ ಬಿಟ್ಟೆದ್ದು ತನ್ನ ಕಾವಲನ್ನು ಸಲ್ಲಿಸಿದರು. ಈ ಸರದಿಯು ಸುಮಾರು ನೂರು ವರ್ಷ ನಡೆದುಬಂದಿತು. ಊರಿನ ಇರುಳುಗಾವಲುಗಾರನೂ ಗಂಟೆಗೊಮ್ಮೆ ವೇಳೆಯನ್ನು ಕೂಗುವಾಗ ಬರಿಯ ಅಂಕಿಯನ್ನು ಕೂಗದೆ ಆ ಗಂಟೆಗೆ ತಕ್ಕ ಕೀರ್ತನೆಯ ಪಾದವನ್ನು ಹಾಡುತ್ತಿದ್ದನು.

ಈ ಕಾವಲಿಗೆ ಜೊತೆಯಾಗಿ ಹುಟ್ಟಿದುದು ದಿನವಾಕ್ಯದ ಸಂಪ್ರದಾಯ. 1728ರ ಮೇ 3ರ ಸಂಜೆಯ ಕೂಟದಲ್ಲಿ ಕೌಂಟನು ಮರುದಿನಕ್ಕೆಂದು ಒಂದು ಸಣ್ಣ ವಚನವನ್ನು ಕೊಟ್ಟನು. ಯುದ್ಧಭೂಮಿಯಲ್ಲಿ ಪಹರೆಯ ಸಿಪಾಯಿಗೆ ಆ ದಿನದ ಗುರುತುಮಾತು ಹೇಗೆ ತಿಳಿದಿರಲೇಬೇಕೋ ಹಾಗೆ ವಿಶ್ವಾಸಿಗೂ ದಿನದ ವಾಕ್ಯ ತಿಳಿದಿರಬೇಕೆಂಬುದು ಅವನ ಆಶಯ. ಆಗ ಊರಿನಲ್ಲಿ ಇದ್ದ ಮೂವತ್ತೆರಡು ಮನೆಗಳಿಗೆ ದಿನವೂ ಮುಂಜಾನೆ ಒಬ್ಬ ಸಹೋದರನು ಹೋಗಿ ಹೊಸ್ತಿಲಲ್ಲಿ ನಿಂತು ವಾಕ್ಯವನ್ನು ಹೇಳುತ್ತಿದ್ದನು. ಹೇಳುವುದಷ್ಟೇ ಅಲ್ಲದೆ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಮನೆಯಲ್ಲಿ ಹಿಟ್ಟು ತೀರಿದೆ, ಯಾರ ಮುಖ ಬಾಡಿದೆ ಎಂಬುದನ್ನು ಕಂಡುಕೊಂಡು ಸಂಜೆಯ ಕೂಟಕ್ಕೆ ಆ ವರ್ತಮಾನವನ್ನು ತರುತ್ತಿದ್ದನು. 1731ರಿಂದ ವರ್ಷಪೂರ್ತಿಯ ವಾಕ್ಯಗಳು ಪುಸ್ತಕರೂಪದಲ್ಲಿ ಅಚ್ಚಾಗತೊಡಗಿದವು. ಅಚ್ಚಾದ ಮೇಲೆ ಮನೆಮನೆಗೆ ಹೋಗುವ ಕಾಲಿನ ಅವಶ್ಯಕತೆ ತಪ್ಪಿತು; ಲಾಭವೂ ಆಯಿತು, ನಷ್ಟವೂ ಆಯಿತೆಂದು ನನ್ನ ಎಣಿಕೆ.

ಮರಣಕ್ಕೂ ಅವರು ಇದೇ ಬಗೆಯಲ್ಲಿ ಸಿದ್ಧರಾದರು. 1730ರಲ್ಲಿ ಹುಟ್‌ಬೆರ್ಗಿನ ಇಳಿಜಾರಿನಲ್ಲಿ ಅವರು ಮಾಡಿಕೊಂಡ ರುದ್ರಭೂಮಿಗೆ ದೇವರ ಹೊಲವೆಂದು ಹೆಸರು. ಅಲ್ಲಿ ಕುಟುಂಬದ ಗೋರಿಗಳಿಲ್ಲ, ಸ್ತಂಭಗಳಿಲ್ಲ. ಪುರುಷರು ಒಂದು ಕಡೆ, ಸ್ತ್ರೀಯರು ಒಂದು ಕಡೆ, ಸತ್ತ ಕ್ರಮದಲ್ಲಿಯೇ ಸಾಲಾಗಿ, ನೆಲಕ್ಕೆ ಹಾಸಿದ ಒಂದೇ ಅಳತೆಯ ಕಲ್ಲುಗಳ ಅಡಿಯಲ್ಲಿ ಮಲಗಿದ್ದಾರೆ. ಕೌಂಟನ ಮನೆತನದ ಗೋರಿಗಳು ಮಾತ್ರ ನಡುವೆ ಎತ್ತರಕ್ಕೆ ನಿಂತಿರುವುದನ್ನು ಕಂಡವರು ಮುಗುಳ್ನಗದಿರಲಾರರು. ಸಭೆಯವರೊಬ್ಬರು ತೀರಿಕೊಂಡಾಗ ಟ್ರೊಂಬೋನ್ ವಾದ್ಯದ ಮೇಳವು ಆ ವಾರ್ತೆಯನ್ನು ರಾಗದಲ್ಲಿ ಸಾರುತ್ತಿದ್ದಿತು. ಸತ್ತವರು ಬದುಕಿರುವಾಗಲೇ ಬರೆದಿಟ್ಟಿದ್ದ ಆತ್ಮವೃತ್ತಾಂತವನ್ನು ಉತ್ತರಕ್ರಿಯೆಯ ವೇಳೆ ಸಭೆಯಲ್ಲಿ ಓದುತ್ತಿದ್ದರು. ನಿನ್ನ ಬದುಕಿನ ಲೆಕ್ಕವನ್ನು ನೀನೇ ಬರೆದಿಡು, ನಾಳೆ ಅದನ್ನು ನೆರೆಯವರು ಓದುವರು ಎಂಬ ಈ ನಿಯಮದಿಂದ ಚಮ್ಮಾರರ, ಅಡುಗೆಯ ಹೆಂಗಸರ, ನಾವಿಕರ ಆತ್ಮಚರಿತ್ರೆಗಳು ಸಾವಿರಾರು ಸಂಖ್ಯೆಯಲ್ಲಿ ಹೆರ್ನ್‌ಹುಟ್‌ನ ಗ್ರಂಥಭಂಡಾರದಲ್ಲಿ ಉಳಿದಿವೆ. ಹದಿನೆಂಟನೆಯ ಶತಮಾನದ ಸಾಮಾನ್ಯ ಜನರ ಅಂತರಂಗವನ್ನು ಅರಿಯಬೇಕೆನ್ನುವ ಚರಿತ್ರಕಾರರಿಗೆ ಇಂತಹ ನಿಧಿ ಬೇರೆಡೆ ದುರ್ಲಭ. 1732ರ ಈಸ್ಟರ್ ದಿನದ ನಸುಕಿನಲ್ಲಿ ಊರಿನ ಯುವಕರು ಈ ಹೊಲಕ್ಕೆ ಹೋಗಿ ಪುನರುತ್ಥಾನದ ಕೀರ್ತನೆಗಳನ್ನು ಹಾಡಿ ಸೂರ್ಯೋದಯವನ್ನು ಎದುರುಗೊಂಡರು. ಮೊರೇವಿಯನ್ನರ ಈಸ್ಟರ್ ಪ್ರಾತಃಪ್ರಾರ್ಥನೆಗೆ ಅದೇ ಮೊದಲು.

ಇಷ್ಟೆಲ್ಲ ಸಿದ್ಧತೆಯು ಯಾವುದಕ್ಕೆಂದು ಅದೇ ವರ್ಷದಲ್ಲಿ ತಿಳಿದುಬಂದಿತು. 1731ರಲ್ಲಿ ಡೆನ್ಮಾರ್ಕಿನ ದೊರೆಯ ಪಟ್ಟಾಭಿಷೇಕಕ್ಕೆಂದು ಕೋಪನ್‌ಹೇಗನ್‌ಗೆ ಹೋಗಿದ್ದ ಕೌಂಟನು ವೆಸ್ಟ್ ಇಂಡೀಸಿನ ಸೇಂಟ್ ಥಾಮಸ್ ದ್ವೀಪದಿಂದ ಬಂದಿದ್ದ ಆಂಟನ್ ಎಂಬ ಕಪ್ಪುಜನಾಂಗದ ಸೇವಕನ ಬಾಯಿಂದ, ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ನರಳುತ್ತಿದ್ದ ಅವನ ಬಂಧುಗಳ ಕತೆಯನ್ನು ಕೇಳಿದ್ದನು. ಅದನ್ನು ಊರಿನಲ್ಲಿ ಹೇಳಿದಾಗ ಕುಂಬಾರನಾದ ಲೆಯೊನ್‌ಹಾರ್ಡ್ ಡೋಬರನಿಗೆ ನಿದ್ರೆ ಬರಲಿಲ್ಲ. 1732ರ ಆಗಸ್ಟ್ 21ರಂದು ಅವನೂ ಬಡಗಿಯಾದ ಡೇವಿಡ್ ನಿಚ್‌ಮನ್ನನೂ ಕೈಚೀಲಗಳೊಡನೆ ಕಾಲ್ನಡಿಗೆಯಲ್ಲಿ ಹೊರಟು, ಡಿಸೆಂಬರ್ ತಿಂಗಳಲ್ಲಿ ಆ ದ್ವೀಪವನ್ನು ಮುಟ್ಟಿದರು. ಇವರು ತಮ್ಮನ್ನೇ ಗುಲಾಮಗಿರಿಗೆ ಮಾರಿಕೊಂಡರೆಂಬ ಕತೆಯನ್ನು ಇಂದಿಗೂ ಉಪದೇಶಪೀಠಗಳಿಂದ ಕೇಳುತ್ತೇವೆ, ಅದು ನಿಜವಲ್ಲ. ಅಗತ್ಯವಾದರೆ ಗುಲಾಮನಾಗಲೂ ಸಿದ್ಧನೆಂದು ಡೋಬರನು ಹೇಳಿದ್ದುದುಂಟು, ಆದರೆ ಹಾಗಾಗಲಿಲ್ಲ. ನಡೆದ ಸಂಗತಿಯೇ ಸಾಕಷ್ಟು ದೊಡ್ಡದಾಗಿರುವಾಗ ಅದಕ್ಕೆ ಬಣ್ಣ ಬಳಿಯುವುದು ಭಕ್ತಿಯ ಲಕ್ಷಣವಲ್ಲ. ನೆರೆಯ ಸೇಂಟ್ ಕ್ರಾಯ್ ದ್ವೀಪಕ್ಕೆ ಬಳಿಕ ಹೋದ ಮೊದಲ ತಂಡಗಳಲ್ಲಿ ಬಹುಪಾಲು ಜನ ಜ್ವರಕ್ಕೆ ಬಲಿಯಾದರು. ಆ ಸುದ್ದಿ ಬಂದ ಮೇಲೂ ಹೋಗಲು ಹೆಸರು ಕೊಡುವವರಿಗೆ ಊರಿನಲ್ಲಿ ಕೊರತೆಯಾಗಲಿಲ್ಲ. 1733ರಲ್ಲಿ ಮತ್ತೆ ಮೂವರು ಗ್ರೀನ್‌ಲೆಂಡಿನ ಹಿಮಕ್ಕೆ ಹೋದರು. ಅವರಲ್ಲೊಬ್ಬನು, ಮೊದಲ ಮರವನ್ನು ಕಡಿದ ಆ ಕ್ರಿಸ್ಟಿಯನ್ ಡೇವಿಡನೇ.

1736ರ ಜನವರಿ 25ರಂದು ಅಟ್ಲಾಂಟಿಕಿನಲ್ಲಿ ಜಾರ್ಜಿಯದ ಕಡೆಗೆ ಸಾಗುತ್ತಿದ್ದ ಹಡಗೊಂದರಲ್ಲಿ, ಸಂಜೆಯ ಕೀರ್ತನೆಯ ನಡುವೆ ಅಲೆಯೊಂದು ಎರಗಿ ದೊಡ್ಡ ಹಾಯಿ ಚಿಂದಿಯಾಗಿ ನೀರು ಒಳನುಗ್ಗಿದಾಗ, ಇಂಗ್ಲಿಷ್ ಪ್ರಯಾಣಿಕರೆಲ್ಲ ಚೀರಿಡುತ್ತಿದ್ದರೆ ಮೊರೇವಿಯನ್ನರು ಹಾಡನ್ನು ನಿಲ್ಲಿಸದೆ ಮುಂದುವರಿಸಿದರು. ಅದನ್ನು ಕಂಡು ಬೆರಗಾದ ಇಂಗ್ಲಿಷ್ ಪಾದ್ರಿಯೊಬ್ಬನು, ನಿಮಗೆ ಭಯವಾಗಲಿಲ್ಲವೆ, ನಿಮ್ಮ ಹೆಂಗಸರು ಮಕ್ಕಳಿಗಾದರೂ ಆಗಲಿಲ್ಲವೆ ಎಂದು ವಿಚಾರಿಸಿ, ಇಲ್ಲವೆಂಬ ಉತ್ತರವನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡನು. ಆ ಪಾದ್ರಿ, ಮುಂದೆ ಮೆಥಡಿಸ್ಟ್ ಪಂಥವನ್ನು ಕಟ್ಟಿದ ಜಾನ್ ವೆಸ್ಲಿ. ಎರಡು ವರ್ಷದ ತರುವಾಯ ಅವನು ಸ್ವತಃ ಹೆರ್ನ್‌ಹುಟ್‌ಗೆ ಹೋಗಿ ಬಂದನು. ಮೆಥಡಿಸ್ಟ್ ಸಭೆಯ ಚರಿತ್ರೆಯು ಆ ಬಿರುಗಾಳಿಯನ್ನು ಮರೆತಿಲ್ಲ.

ಆದರೆ ಗುಣವನ್ನು ಹೇಳಿ ದೋಷವನ್ನು ಮುಚ್ಚಿದರೆ ಚರಿತ್ರೆ ಸ್ತೋತ್ರವಾಗಿಬಿಡುತ್ತದೆ. ಚೀಟಿಯೆತ್ತುವ ಪದ್ಧತಿಯು ಪ್ರಾರ್ಥನೆಯ ಗಂಟೆಯಿಂದ ವಿವಾಹಸಂಬಂಧದವರೆಗೆ ಹಬ್ಬಿ, ಎಷ್ಟೋ ತರುಣರ ಮನಸ್ಸನ್ನು ನೋಯಿಸಿತು. ಅದಕ್ಕಿಂತ ಘೋರವಾದುದು ಗುಲಾಮಗಿರಿಯ ವಿಷಯ. ಸೇಂಟ್ ಥಾಮಸ್‌ನಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದ್ದ ರೆಬೆಕಾ ಎಂಬ ತರುಣಿಯು ತೋಟದಿಂದ ತೋಟಕ್ಕೆ ನಡೆದು ಗುಲಾಮಸ್ತ್ರೀಯರಿಗೆ ಬೋಧಿಸಿ, ಅದಕ್ಕಾಗಿ ಸೆರೆಮನೆಯನ್ನೂ ಕಂಡಳು. ಅವಳನ್ನು ಬಿಡಿಸಿದವನು 1739ರಲ್ಲಿ ಅಲ್ಲಿಗೆ ಹೋದ ಕೌಂಟನೇ. ಆದರೆ ಅದೇ ಕೌಂಟನು ಅಲ್ಲಿಂದ ಹೊರಡುವಾಗ ಗುಲಾಮರನ್ನು ಉದ್ದೇಶಿಸಿ, ಕ್ರಿಸ್ತನಂಬಿಕೆಯು ದುರಾಲೋಚನೆಯಿಂದ ಬಿಡಿಸುವುದೇ ಹೊರತು ಒಡೆಯನ ಕೈಯಿಂದಲ್ಲವೆಂದು ಉಪದೇಶಿಸಿದನು. ಸಹೋದರರು ಅದಕ್ಕೆ ಹಿಂದಿನ ವರ್ಷವೇ ತೋಟವೊಂದನ್ನು ಕೊಂಡು ತಾವೂ ಗುಲಾಮರ ಒಡೆಯರಾಗಿದ್ದರು. ಡೇನಿಷ್ ದ್ವೀಪಗಳಲ್ಲಿ ದಾಸ್ಯವು ಅಳಿದುದು 1848ರಲ್ಲಿ, ಗುಲಾಮರೇ ದಂಗೆಯೆದ್ದ ಮೇಲೆ. ಸಾವಿಗೆ, ಚಂಡಮಾರುತಕ್ಕೆ, ಸೆರೆಮನೆಗೆ ಸನ್ನದ್ಧವಾಗಿದ್ದ ಮನಸ್ಸು ತನ್ನ ಕಣ್ಣೆದುರಿನ ಅನ್ಯಾಯವನ್ನು ಅನ್ಯಾಯವೆಂದು ಕಾಣಲು ಸನ್ನದ್ಧವಾಗಿರಲಿಲ್ಲ.

ಭರತಖಂಡಕ್ಕೆ ಅವರು ಬಂದುದು 1760ರಲ್ಲಿ. ತರಂಗಂಬಾಡಿಯ ಬಳಿ ಸಹೋದರರ ತೋಟವೆಂಬ ವಸತಿಯನ್ನು ಮಾಡಿಕೊಂಡು, ಅಲ್ಲಿಂದ ನಿಕೋಬಾರ್ ದ್ವೀಪಗಳಿಗೆ ಹೋಗಿ, ಒಬ್ಬರ ಮೇಲೊಬ್ಬರು ಜ್ವರದಿಂದ ಸತ್ತು, 1787ರಲ್ಲಿ ಆ ದ್ವೀಪಗಳನ್ನು ಬಿಟ್ಟರು. ಅವರ ಬೇರು ಗಟ್ಟಿಯಾಗಿ ಇಳಿದುದು ಹಿಮಾಲಯದಲ್ಲಿ. ಮಂಗೋಲಿಯಕ್ಕೆಂದು 1853ರಲ್ಲಿ ಹೊರಟ ಹೈಡೆ ಮತ್ತು ಪಾಗೆಲ್ ಎಂಬಿಬ್ಬರು ಟಿಬೆಟಿನ ಬಾಗಿಲು ತೆರೆಯದಿರಲು, 1856ರಲ್ಲಿ ಲಾಹೂಲಿನ ಕೇಲಾಂಗ್ ಗ್ರಾಮದಲ್ಲಿ ನಿಂತರು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲರು ಕನ್ನಡನಾಡಿನತ್ತ ಹೊರಟುದೂ ಆ 1853ರಲ್ಲಿಯೇ. ನಮ್ಮ ಭಾಷೆಗೆ ಕಿಟೆಲರು 1894ರಲ್ಲಿ ಕೊಟ್ಟ ಕೋಶವನ್ನು ಯಾವ ಗೌರವದಿಂದ ನೋಡುತ್ತೇವೆಯೋ ಆ ಗೌರವಕ್ಕೆ, ಹೆರ್ನ್‌ಹುಟ್‌ನಲ್ಲಿ ಹುಟ್ಟಿ ಕೇಲಾಂಗ್‌ನಲ್ಲಿ ದುಡಿದ ಯೆಷ್ಕೆಯು 1881ರಲ್ಲಿ ಪ್ರಕಟಿಸಿದ ಟಿಬೆಟನ್ ಕೋಶವೂ ಪಾತ್ರವಾಗಿದೆ. ಹೈಡೆಯ ಪತ್ನಿ ಮಾರಿಯಾ ಲಾಹೂಲಿನ ಹೆಂಗಸರಿಗೆ ಉಣ್ಣೆಯ ಕಾಲುಚೀಲ ಹೆಣೆಯುವುದನ್ನು ಕಲಿಸಿದಳು. ಆ ದಂಪತಿಗಳು ಸುಮಾರು ಐವತ್ತು ವರ್ಷ ಆ ಬೆಟ್ಟಗಳಲ್ಲಿ ಇದ್ದರೂ, ದೀಕ್ಷಾಸ್ನಾನ ಪಡೆದವರ ಸಂಖ್ಯೆ ಕಡೆಯವರೆಗೂ ಸಣ್ಣದಾಗಿಯೇ ಉಳಿಯಿತು. ಫಲದ ಎಣಿಕೆಯಿಂದ ಅವರ ದಿನಚರಿಯು ಬದಲಾಗಲಿಲ್ಲ. 1885ರಲ್ಲಿ ಸ್ಥಾಪಿತವಾದ ಲೇಹ್ ಪಟ್ಟಣದ ಮೊರೇವಿಯನ್ ಸಭೆ ಇಂದಿಗೂ ನಡೆಯುತ್ತಿದೆ.

ದಿನವಾಕ್ಯದ ಪುಸ್ತಕವು ಸಭೆಯ ಎಲ್ಲೆಯನ್ನು ದಾಟಿ ಜರ್ಮನ್ ಮನೆಮನೆಗಳ ಮೇಜಿಗೆ ಬಂದಿತು. 1939ರ ಬೇಸಗೆಯಲ್ಲಿ ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿದ್ದ ಜರ್ಮನ್ ದೇವತಾಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹೋಫರನು, ಹಿಟ್ಲರನ ಜರ್ಮನಿಗೆ ಮರಳಬೇಕೋ ಬೇಡವೋ ಎಂದು ತೊಳಲಾಡುತ್ತಿದ್ದಾಗ ದಿನವೂ ಓದುತ್ತಿದ್ದುದು ಈ ಪುಸ್ತಕವನ್ನೇ. ಚಳಿಗಾಲಕ್ಕೆ ಮೊದಲು ಬಂದುಬಿಡೆಂದು ಪೌಲನು ತಿಮೊಥೆಯನಿಗೆ ಬರೆದ ಮಾತು ಜೂನ್ 26ರಂದು ಅವನ ಕಣ್ಣಿಗೆ ಬಿದ್ದಿತು. ಜುಲೈ ತಿಂಗಳಲ್ಲಿ ಅವನು ಹಡಗು ಹತ್ತಿದನು, 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಲ್ಪಟ್ಟನು. ಒಂದು ತಿಂಗಳ ಬಳಿಕ, ಯುದ್ಧ ಮುಗಿಯುತ್ತಿದ್ದ ದಿನಗಳಲ್ಲಿ, ಹೆರ್ನ್‌ಹುಟ್‌ನ ನಡುಭಾಗವು ಪ್ರಾರ್ಥನಾಮಂದಿರವೂ ಸೇರಿ ಬೆಂಕಿಗೆ ಆಹುತಿಯಾಯಿತು. ಮಂದಿರವನ್ನು 1953ರಲ್ಲಿ ಮತ್ತೆ ಕಟ್ಟಿದರು. 2024ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಊರನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಹಳೆಯ ಒಡಂಬಡಿಕೆಯ ಸುಮಾರು 1,800 ವಾಕ್ಯಗಳಿಂದ ಇಡೀ ವರ್ಷದ ದಿನವಾಕ್ಯಗಳನ್ನು ಮೂರು ವರ್ಷ ಮುಂಚಿತವಾಗಿಯೇ ಚೀಟಿಯೆತ್ತಿ ಗೊತ್ತುಮಾಡಿ, ಪ್ರತಿಯೊಂದಕ್ಕೂ ಹೊಸ ಒಡಂಬಡಿಕೆಯಿಂದ ಹೊಂದುವ ವಾಕ್ಯವನ್ನು ಆಯ್ದು ಸೇರಿಸುವ ಕಾರ್ಯವು ಹೆರ್ನ್‌ಹುಟ್‌ನಲ್ಲಿ ಪ್ರತಿವರ್ಷವೂ ನಡೆಯುತ್ತದೆ. ಪುಸ್ತಕವು ಇಂದು ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಪ್ರಕಟವಾಗುತ್ತಿದೆ.